ಡಬಲ್ಸ್ ಲಕ್ಷ್ಮೀ

ಖಾನಾಪುರದ ಸ್ಟೇಶನ್ ರಸ್ತೆಯಲ್ಲಿ ಟೆನಿಸ್ ಆಡುವ ಲಕ್ಷ್ಮೀ ಎಂದರೆ ಮನೆ ತೋರಿಸದವರಿಲ್ಲ. ಆಕೆ ವಿಮಾನದಲ್ಲಿ ಓಡಾಡುವುದು, ಆಗೊಮ್ಮೆ ಈಗೊಮ್ಮೆ ಪೇಪರಿನಲ್ಲಿ ಹೆಸರು ಬರುವುದು, ಆಟದ ಮೇಲೆಯೇ ರೈಲ್ವೆಯಲ್ಲಿ ನೌಕರಿ ಸಿಕ್ಕಿದ್ದು, ಎಲ್ಲವೂ ಓಣಿಗೆ ಗೊತ್ತು. ಓಣಿಗೆ ತಿಳಿಯದ ಸಂಗತಿ ಒಂದೇ: ಇಷ್ಟೆಲ್ಲ ಆಡಿದರೂ ಈ ಹುಡುಗಿ ಒಬ್ಬಳೇ ಯಾಕೆ ಆಡುವುದಿಲ್ಲ?

ಕಿರಾಣಿ ಅಂಗಡಿಯ ಬಸವಣ್ಣೆವ್ವ ಹಾಲಿನ ಪಾಕೀಟು ಕೊಡುತ್ತ ಎಷ್ಟೋ ವರ್ಷಗಳಿಂದ ಕೇಳುತ್ತಲೇ ಬಂದಿದ್ದಾಳೆ. "ಯವ್ವಾ, ನೀ ಒಬ್ಬಾಕಿನ ಆಡೂದು ಯಾವಾಗ?"

ಮೊದಮೊದಲು ಲಕ್ಷ್ಮೀ ಬಿಡಿಸಿ ಹೇಳುತ್ತಿದ್ದಳು. ಟೆನಿಸ್‌ನಲ್ಲಿ ಸಿಂಗಲ್ಸ್ ಬೇರೆ, ಡಬಲ್ಸ್ ಬೇರೆ, ಡಬಲ್ಸನ್ನೇ ಉದ್ಯೋಗ ಮಾಡಿಕೊಂಡವರು ಜಗತ್ತಿನಲ್ಲಿ ಬೇಕಾದಷ್ಟು ಜನ ಇದ್ದಾರೆ, ತಾನೂ ಅವರಲ್ಲೊಬ್ಬಳು. ಬಸವಣ್ಣೆವ್ವ ತಲೆಯಾಡಿಸುತ್ತ ಎಲ್ಲ ಕೇಳಿಸಿಕೊಂಡು ಕೊನೆಗೆ, "ಹಂಗಾರ ಮುಂದಿನ ವರ್ಷ ಆಡತಿ ಅನ್ನು" ಎನ್ನುತ್ತಿದ್ದಳು. ಈಗ ಲಕ್ಷ್ಮೀ ವಿವರಿಸಲು ಹೋಗುವುದಿಲ್ಲ. "ಹೂಂ ಆಯಿ, ಆಡತೀನಿ" ಎಂದು ಹಾಲು ತೆಗೆದುಕೊಂಡು ಬರುತ್ತಾಳೆ.

ಲಕ್ಷ್ಮೀಯ ಅಜ್ಜ ಕುರಿ ಕಾಯುತ್ತಿದ್ದವನು. ಅಪ್ಪ ಗುರುಸಿದ್ದ ರೈಲ್ವೆಯಲ್ಲಿ ಟ್ರ್ಯಾಕ್‌ಮನ್ ಆಗಿ ಸೇರಿ, ಖಾನಾಪುರದಿಂದ ಲೋಂಡಾದ ಕಡೆಗೆ ಹಳಿಗುಂಟ ಸುತ್ತಿಗೆ ಹಿಡಿದು ನಡೆದವನು. ಲಕ್ಷ್ಮೀಗೆ ಒಂಬತ್ತು ವರ್ಷವಾದಾಗ ಅವನಿಗೆ ಬೆಳಗಾವಿಗೆ ವರ್ಗವಾಯಿತು. ಸ್ಟೇಶನ್ನಿನ ಹಿಂದೆ ಕ್ವಾರ್ಟರ್ಸು, ಟಿಳಕವಾಡಿಯಲ್ಲಿ ಸಾಲೆ. ಆ ಸಾಲೆಯ ಹಿಂಭಾಗದಲ್ಲಿ ಕೆಂಪು ಮಣ್ಣಿನ ಒಂದು ಟೆನಿಸ್ ಅಂಗಳವಿತ್ತು. ಆಟದ ಮಾಸ್ತರು ಶಿವಲಿಂಗ ಸರ್ ಹಿಂದೊಮ್ಮೆ ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದ್ದವರು. ಬೆಳಿಗ್ಗೆ ಬೇಗ ಬಂದ ಮಕ್ಕಳಿಗೆಲ್ಲ ಅವರು ರ‍್ಯಾಕೆಟ್ ಕೊಡುತ್ತಿದ್ದರು. ಮಗಳು ಮನೆಯಲ್ಲಿದ್ದು ತಮ್ಮನ ಕೂಡ ಜಗಳವಾಡುವುದಕ್ಕಿಂತ ಅಲ್ಲಿದ್ದರೆ ವಾಸಿ ಎಂದು ಅವ್ವ ಫಕೀರವ್ವ ಅವಳನ್ನು ಕತ್ತಲಲ್ಲೇ ಎಬ್ಬಿಸಿ ಕಳಿಸುತ್ತಿದ್ದಳು.

ಲಕ್ಷ್ಮೀ ಗಿಡ್ಡಗಿದ್ದಳು. ಓಡುವುದರಲ್ಲಿ ನಿಧಾನ. ಆದರೆ ನೆಟ್ಟಿನ ಹತ್ತಿರ ನಿಲ್ಲಿಸಿದರೆ ಅವಳನ್ನು ದಾಟಿ ಚೆಂಡು ಹೋಗುತ್ತಿರಲಿಲ್ಲ. ಎಲ್ಲಿ ಬರುತ್ತದೆಂದು ಅವಳ ಕೈಗೆ ಮೊದಲೇ ಗೊತ್ತಿದ್ದ ಹಾಗೆ ರ‍್ಯಾಕೆಟ್ ಅಲ್ಲಿಗೆ ಹೋಗಿ ಕೂತಿರುತ್ತಿತ್ತು. ಹೇಗೆ ಎಂದು ಕೇಳಿದರೆ ಅವಳಿಗೇ ಹೇಳಲು ಬರುತ್ತಿರಲಿಲ್ಲ.

ಹದಿನಾಲ್ಕರ ವಯಸ್ಸಿನಲ್ಲಿ ಕೊಲ್ಹಾಪುರದ ಒಂದು ಟೂರ್ನಿಯಲ್ಲಿ ಎತ್ತರದ ಹುಡುಗಿಯೊಬ್ಬಳು ಅವಳನ್ನು ಅಂಗಳದ ಮೂಲೆ ಮೂಲೆಗೆ ಓಡಿಸಿ, ಒಂದು ಗೇಮ್ ಕೂಡ ಬಿಟ್ಟುಕೊಡದೆ ಸೋಲಿಸಿದಳು. ವಾಪಸು ಬರುವ ಬಸ್ಸಿನಲ್ಲಿ ಶಿವಲಿಂಗ ಸರ್ ಅವಳ ಬಾಜುವಿಗೆ ಬಂದು ಕೂತರು. ಬಸ್ಸು ನಿಪ್ಪಾಣಿ ದಾಟಿತು.

"ಲಕ್ಷ್ಮೀ, ನಿನ್ನ ಕಾಲು ಅರ್ಧಾ ಅಂಗಳಕ್ಕ ಸಾಲತಾವ" ಎಂದರು ಕಡೆಗೆ. "ಇನ್ನರ್ಧಕ್ಕ ಇನ್ನೊಬ್ರು ಬೇಕು. ಇದನ್ನ ಕಡಿಮಿ ಅಂತ ತಿಳೀಬ್ಯಾಡ. ಬ್ಯಾರೆ ಆಟ ಅದು, ಅಷ್ಟ."

ಅವಳಿಗೆ ಅಳು ಬರಬೇಕಿತ್ತು. ಬರಲಿಲ್ಲ. ಎದೆಯ ಮೇಲಿನ ಯಾವುದೋ ಭಾರ ಇಳಿದಂತಾಯಿತು, ಹಾಗಾದದ್ದಕ್ಕೆ ಸ್ವಲ್ಪ ನಾಚಿಕೆಯೂ ಆಯಿತು.

ಇನ್ನರ್ಧ ಅಂಗಳಕ್ಕೆ ಸಿಕ್ಕವಳು ಪೂರ್ಣಿಮಾ. ಸದಾಶಿವನಗರದ ಕಣ್ಣಿನ ಡಾಕ್ಟರ್ ಗೌರೀಶ ಅವರ ಮಗಳು. ಉದ್ದ ಕೈಕಾಲು, ಗಂಡುಹುಡುಗರೂ ಹಿಂಜರಿಯುವಂಥ ಸರ್ವ್. ಆದರೆ ಒಂದು ಪಾಯಿಂಟ್ ಕೈತಪ್ಪಿದರೆ ಅದನ್ನೇ ಮನಸ್ಸಿನಲ್ಲಿ ಮೆಲುಕು ಹಾಕುತ್ತ ಮುಂದಿನ ನಾಲ್ಕನ್ನೂ ಕಳೆದುಕೊಳ್ಳುವ ಸ್ವಭಾವ. ಪಕ್ಕದಲ್ಲಿ ಲಕ್ಷ್ಮೀ ಇದ್ದರೆ ಆ ಮೆಲುಕು ನಿಲ್ಲುತ್ತಿತ್ತು. ಪೂರ್ಣಿಮಾಳ ತಾಯಿ ಕಾಂತಾ ಇದನ್ನು ಬೇಗ ಗಮನಿಸಿದರು. ಇಬ್ಬರೂ ಹುಡುಗಿಯರನ್ನು ಕಾರಿನಲ್ಲಿ ಕೂರಿಸಿಕೊಂಡು ಹುಬ್ಬಳ್ಳಿ, ಸಾಂಗ್ಲಿ, ಪುಣೆ ಎಂದು ತಿರುಗಿದರು. ಡಬ್ಬಿಯಲ್ಲಿ ಇಬ್ಬರಿಗೂ ರೊಟ್ಟಿ, ಮಡಕಿಕಾಳಿನ ಪಲ್ಯ ಇರುತ್ತಿತ್ತು.

ಅಂಗಳದಲ್ಲಿ ಇಬ್ಬರ ಸಮಾಲೋಚನೆಯೇ ಒಂದು ಮಜಾ. ಎದುರಿಗೆ ಪುಣೆಯ ಜೋಡಿ ಇದ್ದರೆ ಕನ್ನಡದಲ್ಲಿ ಮಾತಾಡುತ್ತಿದ್ದರು, ಬೆಂಗಳೂರಿನವರಿದ್ದರೆ ಮರಾಠಿಯಲ್ಲಿ. ಒಮ್ಮೆ ಸೊಲ್ಲಾಪುರದ ಹುಡುಗಿಯೊಬ್ಬಳು ಎರಡನ್ನೂ ಕೇಳಿಸಿಕೊಂಡು ನೆಟ್ಟಿನಾಚೆಯಿಂದಲೇ, "ನನಗ ಎರಡೂ ಬರತಾವ್ರಿ" ಎಂದು ನಕ್ಕಿದ್ದಳು. ಅವತ್ತಿನಿಂದ ಚೆಂಡನ್ನು ಬಾಯಿಗೆ ಅಡ್ಡ ಹಿಡಿದು ಪಿಸುಗುಟ್ಟುವುದನ್ನು ಕಲಿತರು.

ಪೂರ್ಣಿಮಾ ಹಿಂದಿನಿಂದ ಸರ್ವ್ ಮಾಡುವಾಗ ಲಕ್ಷ್ಮೀ ಮುಂದೆ, ನೆಟ್ಟಿಗೆ ಮುಖ ಮಾಡಿ ಬಗ್ಗಿ ನಿಂತಿರುತ್ತಿದ್ದಳು. ಒಂದು ಕೈಯನ್ನು ಬೆನ್ನ ಹಿಂದೆ ಇಟ್ಟು ಬೆರಳಿನಿಂದ ಸನ್ನೆ ಮಾಡುತ್ತಿದ್ದಳು. ಮುಷ್ಟಿ ಕಟ್ಟಿದರೆ ನಿಂತಲ್ಲೇ ಇರುತ್ತೇನೆ, ಅಂಗೈ ಬಿಚ್ಚಿದರೆ ಆಚೆ ಹಾರುತ್ತೇನೆ. ಆಮೇಲೆ ಹಿಂದೆ ಏನಾಗುತ್ತದೆಂದು ತಿರುಗಿ ನೋಡುವಂತಿರಲಿಲ್ಲ. ನೋಡಿದರೆ ಚೆಂಡು ಮುಖಕ್ಕೇ ಬಡಿದೀತು. ಹಾಗಾಗಿ ಗೆಳತಿಯ ಸರ್ವನ್ನು ಅವಳು ಸಪ್ಪಳದಿಂದ ಬಲ್ಲಳು. ಚೆಂಡಿಗೆ ರ‍್ಯಾಕೆಟ್ ತಾಗಿದ ಸದ್ದು ಕೇಳಿಯೇ ಅದು ಎಲ್ಲಿ ಬೀಳುತ್ತದೆಂದು ಹೇಳುತ್ತಿದ್ದಳು.

ಹತ್ತೊಂಬತ್ತಕ್ಕೆ ಇಬ್ಬರೂ ವೃತ್ತಿಗೆ ಇಳಿದರು. ಮೊದಲು ಇಂದೋರ್, ಪುಣೆ; ಆಮೇಲೆ ಥಾಯ್ಲೆಂಡ್, ಟರ್ಕಿ, ಟ್ಯುನೀಷಿಯಾ. ಟಿವಿಯಲ್ಲಿ ತೋರಿಸದ, ಹತ್ತು ಜನ ನೋಡಿದರೆ ಹೆಚ್ಚು ಎನ್ನುವಂಥ ಸಣ್ಣ ಟೂರ್ನಿಗಳು. ಹೋಟೆಲ್ ಕೋಣೆಯಲ್ಲಿ ಸಣ್ಣ ಕುಕ್ಕರಿನಲ್ಲಿ ಉಪ್ಪಿಟ್ಟು ಮಾಡಿಕೊಂಡು, ಬಚ್ಚಲಿನಲ್ಲಿ ಸಾಕ್ಸ್ ಒಗೆದು ಒಣಗಿಸಿಕೊಂಡು ಆಡಿದರು. ಪೂರ್ಣಿಮಾ ಸಿಂಗಲ್ಸನ್ನೂ ಆಡುತ್ತಿದ್ದಳು. ಅವಳ ಸಿಂಗಲ್ಸ್ ಇದ್ದ ದಿನ ಲಕ್ಷ್ಮೀ ನೀರಿನ ಬಾಟಲಿ ಹಿಡಿದು ಬೇಲಿಯಾಚೆ ಕೂಡುತ್ತಿದ್ದಳು. ಏಳು ವರ್ಷ ಹೀಗೇ ನಡೆಯಿತು. ಜೋಡಿಯಾಗಿ ಸಾಕಷ್ಟು ಕಪ್ ಗೆದ್ದರು. ರೈಲ್ವೆಯವರು ಕ್ರೀಡಾ ಕೋಟಾದಲ್ಲಿ ಲಕ್ಷ್ಮೀಗೆ ನೌಕರಿ ಕೊಟ್ಟರು. ಗುರುಸಿದ್ದ ನಿವೃತ್ತನಾಗಿ ಖಾನಾಪುರಕ್ಕೆ ಮರಳಿ ಮನೆ ಕಟ್ಟಿಸಿದ.

ಆ ಏಳನೆಯ ವರ್ಷ, ಬ್ಯಾಂಕಾಕಿನ ಹತ್ತಿರದ ಒಂದು ಊರಿನಲ್ಲಿ ನಾಷ್ಟಾ ಮಾಡುತ್ತಿದ್ದಾಗ ಪೂರ್ಣಿಮಾ ತಟ್ಟೆ ನೋಡುತ್ತಲೇ ಹೇಳಿದಳು.

"ನಂಗ ಸರ್ಬಿಯಾದಾಕಿ ಕೇಳ್ಯಾಳ. ಡಬಲ್ಸ್ ಆಡೂಣೇನು ಅಂತ."

ಡಬಲ್ಸ್ ಟೂರ್ನಿಗಳಿಗೆ ಪ್ರವೇಶ ಸಿಗುವುದು ಇಬ್ಬರ ರ‍್ಯಾಂಕ್ ಕೂಡಿಸಿ. ಆ ಸರ್ಬಿಯಾದವಳು ಲಕ್ಷ್ಮೀಗಿಂತ ಬಹಳ ಮೇಲಿದ್ದಳು. ಅವಳ ಜೊತೆ ಸೇರಿದರೆ ಪೂರ್ಣಿಮಾಳಿಗೆ ಇಲ್ಲಿಯವರೆಗೆ ತೆರೆಯದ ಬಾಗಿಲು ತೆರೆಯುತ್ತದೆ. ಇದು ಇಬ್ಬರಿಗೂ ಗೊತ್ತಿದ್ದ ಮಾತು.

"ಹೋಗು" ಎಂದಳು ಲಕ್ಷ್ಮೀ.

"ಸಿಟ್ಟಾದೀ?"

"ಇಲ್ಲ. ಯಾಕ ಸಿಟ್ಟಾಗಲಿ?"

ಬೇಯಿಸಿದ ತತ್ತಿಯೊಂದನ್ನು ಸುಲಿಯುತ್ತ ಕೂತಳು. ಸಿಪ್ಪೆಯ ಜೊತೆ ಅರ್ಧ ತತ್ತಿಯೇ ಕಿತ್ತು ಬಂತು. ಅದನ್ನು ಹಾಗೇ ತಿಂದಳು.

ಮುಂದಿನ ವರ್ಷಗಳಲ್ಲಿ ಲಕ್ಷ್ಮೀ ಕಲಿತದ್ದು ಕೇಳುವುದನ್ನು. ಸಿಂಗಲ್ಸ್ ಆಡುವವರು ಯಾರನ್ನೂ ಕೇಳಬೇಕಿಲ್ಲ. ಡಬಲ್ಸಿನವಳಿಗೆ ವಾರವಾರವೂ ಒಬ್ಬ ಜೊತೆಗಾತಿ ಬೇಕು. 'ಮುಂದಿನ ವಾರ ಖಾಲಿ ಇದ್ದೀರಾ?' ಎಂದು ಗುರುತಿಲ್ಲದವರಿಗೆ ಮೆಸೇಜ್ ಹಾಕಬೇಕು, ಉತ್ತರ ಬರದಿದ್ದರೆ ಇನ್ನೊಬ್ಬರಿಗೆ. ಹೆಸರು ನೋಂದಾಯಿಸುವ ಮೇಜಿನ ಹತ್ತಿರ ಬ್ಯಾಗು ಹೊತ್ತು ನಿಂತು, ಒಂಟಿಯಾಗಿ ಬಂದವರು ಯಾರಾದರೂ ಇದ್ದಾರೆಯೇ ಎಂದು ಹುಡುಕಬೇಕು. ಪ್ರತಿ ತಪ್ಪಿಗೂ ತಲೆಬಾಗಿ ಕ್ಷಮೆ ಕೇಳುವ ಜಪಾನಿನ ಹುಡುಗಿಯ ಜೊತೆ ಆಡಿದಳು. ತನ್ನ ಯಾವ ಭಾಷೆಯೂ ಬಾರದ ಥಾಯ್ ಹುಡುಗಿಯ ಜೊತೆ ವಾರವಿಡೀ ಬರೀ ಬೆರಳಿನಲ್ಲಿ ಮಾತಾಡಿ ಫೈನಲ್ ಮುಟ್ಟಿದಳು. ಫಕೀರವ್ವ ಫೋನು ಮಾಡಿದಾಗ ಗೆದ್ದೆಯೋ ಸೋತೆಯೋ ಎಂದು ಕೇಳುವುದನ್ನು ಬಿಟ್ಟು, "ಈ ವಾರ ಯಾರ ಕೂಡ?" ಎಂದು ಕೇಳತೊಡಗಿದಳು.

ಹೀಗೆ ಬೇರೆ ಬೇರೆಯವರ ಪಕ್ಕದಲ್ಲಿ ನಿಂತೂ ನಿಂತೂ ಲಕ್ಷ್ಮೀಗೆ ಒಂದು ಸಂಗತಿ ಹೊಳೆಯಿತು. ಜೊತೆಗಾತಿಯಿಂದ ಎಲ್ಲರೂ ಬಯಸುವುದು ಒಂದನ್ನೇ ಅಲ್ಲ. ಕೆಲವರಿಗೆ ಧೈರ್ಯ ಹೇಳಬೇಕು, ಕೆಲವರಿಗೆ ಸುಮ್ಮನಿರಬೇಕು, ಕೆಲವರಿಗೆ ಸುಳ್ಳೇ ನಗಬೇಕು. ಅಭ್ಯಾಸದ ಒಂದು ತಾಸಿನಲ್ಲಿ ಎದುರಿನವಳಿಗೆ ಏನು ಬೇಕೆಂದು ಅವಳು ಕಂಡುಕೊಳ್ಳುತ್ತಿದ್ದಳು. ಪೂರ್ಣಿಮಾಳ ಜೊತೆಗಿದ್ದಾಗ ಇದರ ಅಗತ್ಯವೇ ಬಿದ್ದಿರಲಿಲ್ಲ. ವಿಚಿತ್ರವೆಂದರೆ, ಅವಳ ರ‍್ಯಾಂಕ್ ಪೂರ್ಣಿಮಾ ಇದ್ದಾಗಿನದ್ದಕ್ಕಿಂತ ಮೇಲೇರಿತು. ಮೂವತ್ತರ ಹೊತ್ತಿಗೆ ನಾಗಪುರದ ಸಪ್ನಾ ಎಂಬ ಎಡಗೈ ಆಟಗಾರ್ತಿ ಕಾಯಂ ಜೊತೆಯಾದಳು. ಸಪ್ನಾ ನೇರ ಮಾತಿನವಳು. ಅವಳಿಗೆ ಗೆಳೆತನ ಬೇಕಿರಲಿಲ್ಲ, ಗೆಲುವು ಬೇಕಿತ್ತು.

ಆ ವರ್ಷ ಪುಣೆಯ ಸೆಮಿಫೈನಲ್‌ನಲ್ಲಿ ಎದುರಿಗೆ ಬಂದದ್ದು ಪೂರ್ಣಿಮಾ. ಸರ್ಬಿಯಾದವಳು ಅವಳನ್ನು ಎರಡೇ ವರ್ಷಕ್ಕೆ ಬಿಟ್ಟು ಹೋಗಿದ್ದಳು. ಈಗ ಸೃಷ್ಟಿ ಎಂಬ ಹೊಸ ಹುಡುಗಿ ಅವಳ ಜೊತೆಗಿದ್ದಳು.

ಪೂರ್ಣಿಮಾ ಸರ್ವ್ ಮಾಡಲು ನಿಂತಳು. ಲಕ್ಷ್ಮೀ ಈಚೆ ಅದನ್ನು ಎದುರಿಸಲು ನಿಂತಳು. ಆಗ ಅವಳಿಗೆ ಅರಿವಾಯಿತು: ಅಭ್ಯಾಸದ, ಸಿಂಗಲ್ಸಿನ ಮಾತು ಬೇರೆ, ಡಬಲ್ಸ್ ಪಂದ್ಯದಲ್ಲಿ ಗೆಳತಿ ಸರ್ವ್ ಮಾಡುವಾಗಿನ ಮುಖವನ್ನು ತಾನು ನೋಡುತ್ತಿರುವುದು ಇದೇ ಮೊದಲು. ಅಷ್ಟು ವರ್ಷ ಬರೀ ಸಪ್ಪಳ ಕೇಳಿದ್ದಳು.

ಪೂರ್ಣಿಮಾ ಚೆಂಡನ್ನು ನೆಲಕ್ಕೆ ಪುಟಿಸಿ, ತಲೆಯೆತ್ತಿ, ಮುಂದೆ ನಿಂತ ಸೃಷ್ಟಿಯ ಬೆನ್ನನ್ನು ನೋಡಿದಳು. ಸನ್ನೆ ಓದಲು ಒಂದು ಕ್ಷಣ ಸಾಕು. ಅವಳು ಅದಕ್ಕಿಂತ ಹೆಚ್ಚು ಹೊತ್ತು ನೋಡಿದಳು. ತುಟಿ ಬಿಗಿದಿತ್ತು. ಜನಜಂಗುಳಿಯಲ್ಲಿ ತಾಯಿಯ ಸೆರಗು ಹಿಡಿದ ಮಗುವಿನ ಮುಖದ ಹಾಗಿತ್ತು ಆ ಮುಖ. ಅಂಕ ಬಿಗಿಯಾದಷ್ಟೂ ಆ ನೋಟ ಉದ್ದವಾಗುತ್ತಿತ್ತು. ಹಾಗೆ ಉದ್ದ ನೋಡಿದಾಗಲೆಲ್ಲ ಸರ್ವ್ ಮೆತ್ತಗಾಗಿ ನಡುವಿಗೆ ಬೀಳುತ್ತಿತ್ತು.

ಇಷ್ಟು ವರ್ಷ ಈಕೆ ನನ್ನ ಬೆನ್ನನ್ನೂ ಹೀಗೇ ನೋಡುತ್ತಿದ್ದಳೇನು? ಈ ಪ್ರಶ್ನೆ ತಲೆಗೆ ಹೊಕ್ಕಿದ್ದೇ, ಲಕ್ಷ್ಮೀ ಸಾಲಾಗಿ ಮೂರು ಚೆಂಡುಗಳನ್ನು ನೆಟ್ಟಿಗೆ ಹೊಡೆದಳು. ಸಪ್ನಾ ಹತ್ತಿರ ಬಂದು, "ಎಲ್ಲಿದ್ದೀಯ?" ಎಂದು ಹಿಂದಿಯಲ್ಲಿ ಗದರಿದಳು. ಮೊದಲ ಸೆಟ್ ಹೋಯಿತು.

ಬದಿ ಬದಲಿಸುವಾಗ ಲಕ್ಷ್ಮೀ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡು ಕೂತಳು. ಕಂಡದ್ದನ್ನು ಕಾಣದ ಹಾಗೆ ಇರಬಹುದಿತ್ತು. ಆದರೆ ಪಕ್ಕದಲ್ಲಿ ಸಪ್ನಾ ಕೂತಿದ್ದಳು. ಈ ಪಂದ್ಯ ಅವಳದ್ದೂ ಆಗಿತ್ತು. ಲಕ್ಷ್ಮೀ ಮೆಲ್ಲಗೆ ಹೇಳಿದಳು: ಅವಳು ಹೆಚ್ಚು ಹೊತ್ತು ಬೆನ್ನು ನೋಡಿದರೆ ಚೆಂಡು ನಡುವಿಗೆ ಬರುತ್ತದೆ, ಒಂದು ಹೆಜ್ಜೆ ಮುಂದೆ ಬಾ.

ಅವರು ಗೆದ್ದರು. ಕೊನೆಯ ಗೇಮಿನಲ್ಲಿ ಪೂರ್ಣಿಮಾಳ ಸರ್ವ್ ಎರಡು ಸಲ ನಡುವಿಗೆ ಬಂತು, ಎರಡೂ ಸಲ ಸಪ್ನಾ ಅಲ್ಲಿ ನಿಂತಿದ್ದಳು.

ನೆಟ್ಟಿನ ಹತ್ತಿರ ಕೈ ಕುಲುಕುವಾಗ ಪೂರ್ಣಿಮಾ, "ನಿಂಗ ಗೊತ್ತಾಗತದಂತ ನಂಗ ಗೊತ್ತಿತ್ತು" ಎಂದಳು. ಅಷ್ಟೇ ಅಂದದ್ದು. ಅದರಲ್ಲಿ ಕಹಿ ಇತ್ತೋ ಇಲ್ಲವೋ ಲಕ್ಷ್ಮೀಗೆ ತಿಳಿಯಲಿಲ್ಲ. ತಪ್ಪು ಮಾಡಿದೆ ಎಂದು ಅವಳಿಗೆ ಅನಿಸಲಿಲ್ಲ. ಆದರೆ ಗೆದ್ದ ಮೇಲೆ ಹಸಿವಾಗುವುದು ಅವಳ ರೂಢಿ, ಅವತ್ತು ಹಸಿವಾಗಲಿಲ್ಲ.

ಮರುವರ್ಷ ಪೂರ್ಣಿಮಾಳ ಸೊಂಟದ ಕೀಲು ಕೆಟ್ಟಿತು. ಶಸ್ತ್ರಚಿಕಿತ್ಸೆ ಆಯಿತು, ತಿಂಗಳುಗಟ್ಟಲೆ ಆಟ ತಪ್ಪಿತು, ರ‍್ಯಾಂಕ್ ಕರಗಿ ಹೋಯಿತು.

ಜುಲೈನಲ್ಲಿ ಬೆಳಗಾವಿಯ ಅಂಗಳಗಳೆಲ್ಲ ಕೆಸರಾಗುವುದರಿಂದ ಲಕ್ಷ್ಮೀ ಖಾನಾಪುರದಲ್ಲಿರುತ್ತಾಳೆ. ಜಾಂಬೋಟಿಯ ಕಡೆ ಸೋದರಮಾವ ಕಲ್ಮೇಶನ ಭತ್ತದ ಗದ್ದೆ ಇದೆ. ಆ ವರ್ಷ ನಾಟಿಯ ದಿನ ಅವ್ವನ ಜೊತೆ ಅಲ್ಲಿಗೆ ಹೋಗಿದ್ದಳು. ಮೊಣಕಾಲು ಮಡಚಿ ಬಗ್ಗಿ ನಡೆಯುವುದು ನೆಟ್ಟಿನ ಆಟಕ್ಕೂ ಒಳ್ಳೆಯದೆಂದು ಅವಳ ವಾದ. ಮಧ್ಯಾಹ್ನದ ಹೊತ್ತಿಗೆ ರಸ್ತೆಯ ಮೇಲೆ ಕಾರು ನಿಂತಿತು. ಪೂರ್ಣಿಮಾ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಬೂಟು ಹಿಡಿದು ಬದುವಿನ ಮೇಲೆ ಬಂದಳು. ನಡಿಗೆಯಲ್ಲಿ ಸ್ವಲ್ಪ ವಾಲು ಇತ್ತು.

"ಇಲ್ಲೀತನ ಬಂದೀಯಲ್ಲ. ಫೋನ್ ಮಾಡಬಾರದೇನು?" ಎಂದಳು ಲಕ್ಷ್ಮೀ, ಕೈ ತೊಳೆಯುತ್ತ.

"ಫೋನಿನ್ಯಾಗ ಕೇಳೂ ಮಾತಲ್ಲ." ಪೂರ್ಣಿಮಾ ಬದುವಿನ ಮೇಲೆ ನಿಂತೇ ಇದ್ದಳು. "ಡಾಕ್ಟರು ಸಿಂಗಲ್ಸ್ ಬ್ಯಾಡಂದಾರ. ಡಬಲ್ಸ್ ಆಡಬಹುದಂತ. ಸೆಪ್ಟೆಂಬರದಿಂದ ಒಂದ ಸೀಸನ್ ಇಬ್ರೂ ಕೂಡಿ ಆಡೂಣು?"

ಲಕ್ಷ್ಮೀ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಸಪ್ನಾ ಮತ್ತು ಅವಳ ರ‍್ಯಾಂಕ್ ಕೂಡಿಸಿದರೆ ಅಕ್ಟೋಬರಿನಲ್ಲಿ ಚೀನಾದ ಒಂದು ದೊಡ್ಡ ಟೂರ್ನಿಗೆ ಪ್ರವೇಶ ಸಿಗುವ ಹಾಗಿತ್ತು. ಟಿವಿಯಲ್ಲಿ ಕಾಣುವಂಥವರು ಆಡುವ ಟೂರ್ನಿ. ಅವಳ ವಯಸ್ಸಿನಲ್ಲಿ ಅಂಥ ಅವಕಾಶ ಎರಡನೆಯ ಸಲ ಬರುವಂಥದ್ದಲ್ಲ. ರ‍್ಯಾಂಕ್ ಇಲ್ಲದ ಪೂರ್ಣಿಮಾಳ ಜೊತೆ ಸೇರಿದರೆ ಸೊಲ್ಲಾಪುರದ ಸಣ್ಣ ಟೂರ್ನಿಯಲ್ಲಿ ಕೂಡ ಬಾಗಿಲಾಚೆ ನಿಲ್ಲಬೇಕಾಗುತ್ತಿತ್ತು.

"ಈ ವರ್ಷ ಆಗೂದಿಲ್ಲ, ಪೂರ್ಣಿ."

"ಪುಣೇದಾಗ ಆಗಿದ್ದಕ್ಕೋ, ಬ್ಯಾಂಕಾಕಿನ್ಯಾಗ ಆಗಿದ್ದಕ್ಕೋ?"

"ಎರಡಕ್ಕೂ ಅಲ್ಲ. ಅವತ್ತ ನೀ ಹೋಗಿದ್ದು ಖರೇನ ಸರಿ ಇತ್ತು. ನಂಗ ತಿಳೀಲಿಕ್ಕೆ ಹೊತ್ತಾತು, ಅಷ್ಟ. ಇವತ್ತ ನಾ ಬರೂದಿಲ್ಲ ಅನ್ನೂದೂ ಸರಿ ಐತಿ. ಸೇಡಲ್ಲ ಇದು."

ಪೂರ್ಣಿಮಾ ಗದ್ದೆಯ ನೀರನ್ನು ನೋಡಿದಳು. "ಸೇಡಿದ್ರ ಚಲೋ ಇತ್ತು" ಎಂದಳು. "ಸಿಟ್ಟ ಮಾಡಾಕ ಬರತಿತ್ತು."

ಫಕೀರವ್ವ ದೂರದಿಂದಲೇ ಊಟಕ್ಕೆ ಕರೆದಳು. ಪೂರ್ಣಿಮಾ ಇಲ್ಲವೆನ್ನದೆ ಬಂದು ಕೂತು ಉಂಡಳು, ಕಲ್ಮೇಶನ ಹೆಂಡತಿಯ ಮೀನಿನ ಸಾರಿನ ವಾಸನೆಗೆ ಮೂಗು ಮುಚ್ಚಿಕೊಂಡು ಬರೀ ಅನ್ನ, ಮಜ್ಜಿಗೆ ಉಂಡಳು. ಕಾರು ಹೋದ ಮೇಲೆ ಫಕೀರವ್ವ, "ಆಕೀಗಿ ಇಲ್ಲ ಅಂದೀ?" ಎಂದು ಕೇಳಿದಳು. ಲಕ್ಷ್ಮೀ ಹೂಂ ಎಂದಳು. ಫಕೀರವ್ವ ಸಸಿಯ ಕಟ್ಟು ಎತ್ತಿಕೊಂಡು ಗದ್ದೆಗೆ ಇಳಿದಳು. ಸಂಜೆಯವರೆಗೆ ಮಗಳಿಗೆ ಬೆನ್ನು ಮಾಡಿಯೇ ನಾಟಿ ಮಾಡಿದಳು.

ಚೀನಾದಲ್ಲಿ ಅವರು ಮೊದಲ ಸುತ್ತಿನಲ್ಲೇ ಸೋತರು. ಅಲ್ಲಿ ಚೆಂಡಿನ ಭಾರವೇ ಬೇರೆ ಇತ್ತು. ಹಿಂದಿರುಗಿ ಬರುವ ಪ್ರತಿ ಹೊಡೆತವೂ ಮಣಿಕಟ್ಟನ್ನು ಅಲ್ಲಾಡಿಸುತ್ತಿತ್ತು. ಆದರೆ ಎರಡನೆಯ ಸೆಟ್ಟಿನಲ್ಲಿ ಒಮ್ಮೆ, ಜಗತ್ತಿನ ಮೊದಲ ಇಪ್ಪತ್ತರಲ್ಲಿದ್ದವಳು ಬೀಸಿ ಹೊಡೆದ ಚೆಂಡಿಗೆ ಲಕ್ಷ್ಮೀ ನೆಟ್ಟಿನ ಮುಂದೆ ರ‍್ಯಾಕೆಟ್ ಒಡ್ಡಿದಳು. ಚೆಂಡು ಆಚೆ ಬದಿ ಮೆತ್ತಗೆ ಬಿದ್ದು ಅಲ್ಲೇ ಸತ್ತಿತು. ಎದುರಿನವಳು ಓಡಲಿಲ್ಲ, ರ‍್ಯಾಕೆಟ್ಟಿನ ಮೇಲೆ ಅಂಗೈ ತಟ್ಟಿ ಮೆಚ್ಚಿಕೊಂಡಳು. ಸೋತ ಮೇಲೂ ಲಕ್ಷ್ಮೀ ಎರಡು ತಟ್ಟೆ ನೂಡಲ್ಸ್ ತಿಂದಳು.

ಸಪ್ನಾಳ ಭುಜಕ್ಕೆ ಅಷ್ಟು ಹೊತ್ತಿಗೆ ಸಾಕಾಗಿತ್ತು. ನವೆಂಬರಿನಲ್ಲಿ ಅವಳು ಆಟ ಬಿಟ್ಟು ತರಬೇತಿಗೆ ಇಳಿದಳು. ಡಿಸೆಂಬರಿನ ಸೊಲ್ಲಾಪುರ ಟೂರ್ನಿಗೆ ಲಕ್ಷ್ಮೀಗೆ ಜೊತೆಯಿರಲಿಲ್ಲ. ಎರಡು ದಿನ ವಿಚಾರ ಮಾಡಿ, ಟಿಳಕವಾಡಿಯ ಹಳೆಯ ಸಾಲೆಗೆ ಹೋದಳು. ಪೂರ್ಣಿಮಾ ಅಲ್ಲಿ ಒಬ್ಬಳೇ ಸರ್ವ್ ಹೊಡೆಯುತ್ತಿದ್ದಳು.

"ಸೊಲ್ಲಾಪುರಕ್ಕ ಬರತೀ?"

"ಯಾರೂ ಸಿಗಲಿಲ್ಲಂತ ಕೇಳಾಕತ್ತೀ, ಹೌದಲ್ಲ?"

"ಹೌದು."

ಪೂರ್ಣಿಮಾ ಚೆಂಡೊಂದನ್ನು ಕೈಯಲ್ಲಿ ತಿರುಗಿಸಿದಳು. "ಹಂಗಿದ್ರ ಬರತೀನಿ. ಕನಿಕರಕ್ಕ ಕೇಳಿದ್ರ ಬರತಿದ್ದಿಲ್ಲ."

ಸೊಲ್ಲಾಪುರದಲ್ಲಿ ಒಂದು ಜೋಡಿ ಹಿಂದೆ ಸರಿದದ್ದರಿಂದ ಕೊನೆಯ ಗಳಿಗೆಯಲ್ಲಿ ಇವರಿಗೆ ಜಾಗ ಸಿಕ್ಕಿತು. ಮೊದಲ ಪಂದ್ಯ ಗೆದ್ದರು. ಲಕ್ಷ್ಮೀ ನೆಟ್ಟಿನ ಮುಂದೆ ಬಗ್ಗಿ ನಿಂತು, ಈ ಸಲ ಸನ್ನೆಯ ಕೈಯನ್ನು ಸ್ವಲ್ಪ ಹೆಚ್ಚು ಹೊತ್ತು ಬೆನ್ನಿಗೆ ಹಚ್ಚಿಯೇ ಇಟ್ಟಳು. ಎರಡನೆಯ ಪಂದ್ಯದ ನಡುವೆ ಪೂರ್ಣಿಮಾಳ ಸರ್ವಿನ ಸಪ್ಪಳ ಬದಲಾಯಿತು. ಸೊಂಟ ಕೈಕೊಟ್ಟಿದೆ ಎಂದು ಲಕ್ಷ್ಮೀಗೆ ತಿರುಗಿ ನೋಡದೆಯೇ ತಿಳಿಯಿತು. ಇಬ್ಬರೂ ಪಂದ್ಯ ಮುಗಿಯುವವರೆಗೆ ಆಡಿದರು, ಸೋತರು.

ವಾಪಸು ಬರುವಾಗ ವಿಜಯಪುರದ ಈಚೆ ಪೂರ್ಣಿಮಾ ಚಹಾಕ್ಕೆ ಕಾರು ನಿಲ್ಲಿಸಿದಳು. ಪೂರ್ಣಿಮಾ ಬೆಂಚಿನ ಮೇಲೆ ಕಾಲು ಚಾಚಿ ಕೂತು, "ಸಾಕು ನಂಗ. ಇನ್ನ ಆಡೂದಿಲ್ಲ" ಎಂದಳು, ಚಹಾ ಬಿಸಿ ಇದೆ ಎನ್ನುವಷ್ಟೇ ಸಹಜವಾಗಿ. ಲಕ್ಷ್ಮೀ ಬೇಡ ಎನ್ನಲಿಲ್ಲ. ಇನ್ನೆರಡು ಚಹಾ ಹೇಳಿದಳು.

ಆಮೇಲೆ ಪೂರ್ಣಿಮಾ ಲಕ್ಷ್ಮೀಯ ಫೋನು ಇಸಿದುಕೊಂಡಳು. "ಮುಂದಿನ ವಾರ ಯಾರ ಅದಾರ ನೋಡೂಣು. ಈಕಿ ಬ್ಯಾಡ, ಸಿಟ್ಟ ಭಾಳ. ಈಕಿ ಸರ್ವ್ ಚಲೋ ಐತಿ, ಆದ್ರ ಮುಂಜಾನಿ ಏಳೂದಿಲ್ಲ." ಕಜಾಕಸ್ತಾನದ ಒಬ್ಬಳನ್ನು ಆರಿಸಿ, ತಾನೇ ಮೆಸೇಜ್ ಬರೆದು ಕಳಿಸಿದಳು. ಎರಡನೆಯ ಚಹಾ ಬರುವಷ್ಟರಲ್ಲಿ ಉತ್ತರ ಬಂತು.

"ಆಡತೀನಿ ಅಂದಾಳ. ಎದುರಿನವ್ರ ಸರ್ವ್ ತಗೋಳಾಕ ನೀ ಯಾವ ಬಾಜು ನಿಂದರತಿ ಅಂತ ಕೇಳ್ಯಾಳ. ಬಲಕ್ಕ ಅಂತ ಬರೀತೀನಿ."

"ಎಡಕ್ಕ ಅಂತ ಬರಿ."

ಪೂರ್ಣಿಮಾ ತಲೆಯೆತ್ತಿದಳು. "ನೀ ಯಾವಾಗ್ಲೂ ಬಲಕ್ಕ ಇರತಿದ್ದಿ."

"ನಿನ್ನ ಕೂಡ ಬಲಕ್ಕ. ನಿಂಗ ಎಡಾನ ಬೇಕಿತ್ತಲ್ಲ" ಎಂದಳು ಲಕ್ಷ್ಮೀ. "ನಂಗೂ ಎಡಾನ ಚಲೋ ಆಗತಿತ್ತು."

"ಇಷ್ಟು ವರ್ಷ ಹೇಳಲಿಲ್ಲಲ್ಲ?"

"ಗೆಲ್ಲತಿದ್ವಿ. ಹೇಳೂದೇನಿತ್ತು?"

ಪೂರ್ಣಿಮಾ ಅರ್ಧ ಬರೆದದ್ದನ್ನು ಅಳಿಸಿದಳು. ಆಮೇಲೆ ಎಡಕ್ಕೆ ಎಂದು ಬರೆದು ಕಳಿಸಿ, ಕಾರಿನ ಕೀಲಿ ಲಕ್ಷ್ಮೀಯ ಕೈಗೆ ಕೊಟ್ಟಳು. ಸೊಂಟ ನೋಯುತ್ತಿತ್ತು, ಬೆಳಗಾವಿ ಇನ್ನೂ ದೂರವಿತ್ತು.